ಅಣ್ಣನಿಗೆ ಗುರಿ ಕಲಿಸಲು ಹೋದದ್ದು

ತನಗೆ ಬರುವ ವಿದ್ಯೆಯನ್ನು ಒಡಹುಟ್ಟಿದವರಿಗೆ ಕಲಿಸಬೇಕು ಅನ್ನುವ ಆಸೆ ಬಂದಾಗ ಮನುಷ್ಯ ಒಂದು ಚೊಂಬು ನೀರು ಕುಡಿದು ಮಲಗಿಬಿಡುವುದು ಕ್ಷೇಮ. ಹೊರಗಿನವರಿಗೆ ಕಲಿಸುವಾಗ ಅವರು ಕಲಿಯಲಿ ಎಂದು ನಮಗೆ ನಿಜವಾಗಿಯೂ ಅನ್ನಿಸಬಹುದು. ಅಣ್ಣತಮ್ಮಂದಿರಿಗೆ ಕಲಿಸುವಾಗ ಒಳಗಿನ ಬಯಕೆಯೇ ಬೇರೆ. ಅವರು ತಡವರಿಸಬೇಕು, ಬೆವರಬೇಕು, ಕೊನೆಗೆ ‘ಅಬ್ಬಾ, ಇದು ನಿನ್ನಂಥವನಿಗೇ ಸರಿ’ ಅನ್ನಬೇಕು. ನಾನು ನನ್ನ ಅಣ್ಣ ಮಾದಪ್ಪನನ್ನು ರೈಫಲ್ ಗುರಿಯಾಟಕ್ಕೆ ಕರೆದುಕೊಂಡು ಹೋದದ್ದು ಈ ಒಂದು ಮಾತು ಕೇಳುವುದಕ್ಕೆ. ಆಗ ಯಾರಾದರೂ ಕೇಳಿದ್ದರೆ ಅಣ್ಣನ ಮೇಲಿನ ಪ್ರೀತಿಗೆ ಎಂದು ಹೇಳುತ್ತಿದ್ದೆ. ಹೇಳಿಯೂ ಇದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮದು ತಾಳವಾಡಿ ಬೆಟ್ಟದ ಮೇಲಿನ ಪಣಕಹಳ್ಳಿ. ಮನೆಯಲ್ಲಿ ನಾನು ಓದಿದವನು. ಅಣ್ಣ ಎಂಟನೆಯ ಕ್ಲಾಸಿಗೆ ಪುಸ್ತಕ ಮುಚ್ಚಿಟ್ಟು ಲಾರಿ ಹತ್ತಿದವನು. ಓದಿದ ನಾನು ಸತ್ಯಮಂಗಲದ ಒಂದು ಕಾಲೇಜಿನಲ್ಲಿ ಲ್ಯಾಬ್ ಅಸಿಸ್ಟೆಂಟಾಗಿ ಗಾಜಿನ ನಳಿಗೆಗಳನ್ನು ತೊಳೆಯುತ್ತಿದ್ದೆ. ಓದದ ಅಣ್ಣ ಊರಿನ ಕೋಸು, ಬೀನ್ಸು, ಟೊಮೆಟೊಗಳನ್ನೆಲ್ಲ ಹೇರಿಕೊಂಡು ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿದು ಬಯಲಿನ ಮಾರ್ಕೆಟ್ಟಿಗೆ ಮುಟ್ಟಿಸುತ್ತಿದ್ದ. ಹನ್ನೊಂದು ವರ್ಷದಲ್ಲಿ ಆ ಲಾರಿಗೆ ಒಂದು ಗೀರು ಬಿದ್ದಿರಲಿಲ್ಲ. ನಾನು ಊರಿಗೆ ಹೋದರೆ ಜನ “ಯಾವಾಗ್ ಬಂದ್ಯಪ್ಪ ನಂಜುಂಡ?” ಎಂದು ಕೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣನ ಕಡೆ ತಿರುಗಿ, “ಮಾದಪ್ಪಣ್ಣ, ನಾಳ ನಮ್ ಒಲದ್ ಕೋಸ್ಗ ಜಾಗ ಅದಾ?” ಅನ್ನುತ್ತಿದ್ದರು. ಬಿ.ಎಸ್ಸಿ. ಓದಿದವನಿಗಿಂತ ಕೋಸಿಗೆ ಹೆಚ್ಚು ಮರ್ಯಾದೆ ಸಿಗುವ ಊರಿನಲ್ಲಿ ಹುಟ್ಟುವುದು ಏನೆಂದು ಅನುಭವಿಸಿದವರಿಗೇ ಗೊತ್ತು.

ನನ್ನ ಹತ್ತಿರ ಇದ್ದದ್ದು ಒಂದೇ ವಿದ್ಯೆ. ಓದುವಾಗ ಖಾಕಿ ತೊಟ್ಟು ಕವಾಯತು ಮಾಡುತ್ತಿದ್ದ ದಿನಗಳಲ್ಲಿ ಗುರಿಯಾಟದ ಚಟ ಹತ್ತಿತ್ತು. ಕೆಲಸ ಸಿಕ್ಕಿದ ಮೇಲೆ ಬಯಲಿನ ಒಂದು ರೈಫಲ್ ಕ್ಲಬ್ಬಿಗೆ ಸೇರಿಕೊಂಡೆ. ಊರಿನಲ್ಲಿ ಇದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಕಾಡುಗಳ್ಳನಿಗಾಗಿ ಪೊಲೀಸರು ಕಾಡು ಜಾಲಾಡುತ್ತಿದ್ದ ಆ ವರ್ಷಗಳಲ್ಲಿ ನಮ್ಮ ಬೆಟ್ಟದ ಮೇಲೆ ಬಂದೂಕು ಅನ್ನುವ ಶಬ್ದ ಕೇಳಿದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಚೆಕ್‌ಪೋಸ್ಟಿನಲ್ಲಿ ಪೊಲೀಸರು ಕೋಸಿನ ಮೂಟೆಗೂ ಕಂಬಿ ಚುಚ್ಚಿ ನೋಡುತ್ತಿದ್ದರು. ಹಾಗಾಗಿ ನನ್ನ ಏಕೈಕ ಪ್ರತಾಪಕ್ಕೆ ಮನೆಯವರ ಪೈಕಿ ಒಬ್ಬ ಸಾಕ್ಷಿಯೂ ಇರಲಿಲ್ಲ. ಸಾಕ್ಷಿಯಿಲ್ಲದ ಪ್ರತಾಪ ಎಷ್ಟು ದಿನ ಹೊಟ್ಟೆಯಲ್ಲಿ ನಿಂತೀತು? ವರ್ಷಕ್ಕೊಮ್ಮೆ ಕ್ಲಬ್ಬಿನವರು ಗುಡ್ಡದ ಬುಡದಲ್ಲಿ ಮುನ್ನೂರು ಗಜದ ಗುರಿಯಾಟ ಇಡುತ್ತಿದ್ದರು. ಸದಸ್ಯರು ಮನೆಯ ಒಬ್ಬರನ್ನು ಕರೆತರಬಹುದಿತ್ತು. ಆ ಸಲ ಗುರಿಯಾಟದ ಹಿಂದಿನ ದಿನವೇ ಅಣ್ಣ ಲೋಡು ಇಳಿಸಿ ನನ್ನ ರೂಮಿಗೆ ಬಂದಿದ್ದ. ಕರೆದೆ. “ನಂಗ್ಯಾಕ್ಲಾ ಅದೆಲ್ಲ, ಸ್ಟೇರಿಂಗ್ ಇಡಿಯೋ ಕೈ ಇದು” ಅಂದ. ಬಿಡದೆ ಎಳೆದುಕೊಂಡು ಹೋದೆ.

ಮೊದಲು ನಾನು ಮಲಗಿ ಐದು ಗುಂಡು ಹೊಡೆದೆ. ಗುರಿಹಲಗೆಯ ಕೆಳಗೆ ಗುಂಡಿಯಲ್ಲಿ ಕೂತವರು, ಗುಂಡು ಬಿದ್ದ ಜಾಗವನ್ನು ಕೋಲಿನಿಂದ ತೋರಿಸುತ್ತಾರೆ. ಹಲಗೆಗೇ ತಾಗದಿದ್ದರೆ ಕೆಂಪು ಬಾವುಟ ಬೀಸುತ್ತಾರೆ. ನನಗೆ ಮೂರು ಸಲ ಬಾವುಟ ಬೀಸಿದರು. ಗಾಳಿ ಜಾಸ್ತಿ ಇತ್ತು ಎಂದು ಅಣ್ಣನಿಗೆ ವಿವರಿಸಿದೆ. ಅವನು ತಲೆಯಾಡಿಸಿದ. ಆಮೇಲೆ ಅವನನ್ನು ಚಾಪೆಯ ಮೇಲೆ ಮಲಗಿಸಿ, ಮೊಣಕೈ ಇಲ್ಲಿಡು, ಕೆನ್ನೆ ಅಲ್ಲಿಡು, ಉಸಿರು ಅರ್ಧ ಬಿಟ್ಟು ಹಿಡಿ ಎಂದು ಗುರುವಿನ ಗತ್ತಿನಲ್ಲಿ ಪಾಠ ಮಾಡಿ, “ಈಗ ಬೋರ್ಡ್ ನೋಡು” ಅಂದೆ.

ಅಣ್ಣ ಕತ್ತೆತ್ತಿ ನೋಡಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.

“ಯಾವ ಬೋರ್ಡ್ಲಾ?” ಅಂದ.

“ಎದುರಿಗೇ ಇದೆಯಲ್ಲಣ್ಣ, ಬಿಳೀ ಹಲಗೆ. ಮನೆ ಬಾಗಿಲಿನಷ್ಟು ಅಗಲ ಇದೆ.”

“ಎದುರ್ಗ ಗುಡ್ಡ ಅದ ಕಣ್ಲಾ.”

ಹಿಂದೆ ನಿಂತವರು ನಕ್ಕರು. ನಾನೂ ನಕ್ಕೆ. ನಗುತ್ತಿದ್ದಂತೆಯೇ ಈ ಮನುಷ್ಯನ ಲಾರಿಯಲ್ಲಿ ಸಂಜೆ ನಾನು ಘಾಟಿ ಹತ್ತಬೇಕಲ್ಲ ಎಂದು ಹೊಳೆದು ನಗು ಅರ್ಧಕ್ಕೆ ನಿಂತಿತು. ನಗದೆ ಇದ್ದವರು ಒಬ್ಬರೇ, ನಮಗೆ ಕಲಿಸುತ್ತಿದ್ದ ನಿವೃತ್ತ ಸುಬೇದಾರರು. ಅವರು ಅಣ್ಣನ ಪಕ್ಕ ಕೂತು, ರೈಫಲ್ಲಿನ ಹಿಂಬದಿಯಲ್ಲಿ ಕಣ್ಣಿಟ್ಟು ನೋಡುವ ಸಾಸಿವೆ ಕಾಳಿನಷ್ಟು ಚಿಕ್ಕ ತೂತನ್ನು ತೋರಿಸಿ, ಇದರೊಳಗಿಂದ ನೋಡು ಎಂದು ತಮಿಳಿನಲ್ಲಿ ಹೇಳಿದರು. ಅಣ್ಣ ಕಣ್ಣಿಟ್ಟ. ಇನ್ನೊಂದು ಕಣ್ಣು ಮುಚ್ಚಿದ. ಆಮೇಲೆ ಚಿಕ್ಕ ಮಕ್ಕಳ ದನಿಯಲ್ಲಿ, “ಲೋ, ಬಂತು ಕಣ್ಲಾ! ಕರೀ ಬೊಟ್ಟು ಅದ!” ಅಂದ. ಕಣ್ಣು ತೆಗೆದು ನೋಡಿದ, ಇಲ್ಲ. ಮತ್ತೆ ಇಟ್ಟ, ಇದೆ. ಹೀಗೆ ಮೂರು ನಾಲ್ಕು ಸಲ ಮಾಡಿ, ಆಮೇಲೆ ಅವಸರವಿಲ್ಲದೆ ಐದು ಗುಂಡು ಹೊಡೆದ. ನಾಲ್ಕು ಹಲಗೆಗೆ ಬಿದ್ದವು. ಅದರಲ್ಲಿ ಎರಡು ಕರೀ ಬೊಟ್ಟಿನೊಳಗೆ.

ಸುಬೇದಾರರು ನನ್ನನ್ನು ಪಕ್ಕಕ್ಕೆ ಕರೆದರು. ನಿಮ್ಮ ಅಣ್ಣನಿಗೆ ದೂರದ್ದು ಮಸುಕು, ಚಿಕ್ಕ ತೂತಿನಲ್ಲಿ ನೋಡಿದರೆ ಅಂಥವರಿಗೆ ತಿಳಿಯಾಗಿ ಕಾಣುತ್ತದೆ, ಒಂದು ಕನ್ನಡಕ ಹಾಕಿಸಿದರೆ ಮುಗಿಯಿತು, ಕೈ ಮಾತ್ರ ಬಂಡೆ ಇದ್ದ ಹಾಗಿದೆ, ಮುಂದಿನ ಸಲವೂ ಕರೆದುಕೊಂಡು ಬಾ ಅಂದರು. ನನ್ನ ಕೈ ಹೇಗಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಸಂಜೆ ಖಾಲಿ ಲಾರಿಯಲ್ಲಿ ಬೆಟ್ಟ ಹತ್ತಿದೆವು. ನಾನು ಬಾಗಿಲ ಹಿಡಿ ಬಿಡದೆ, ಎದುರಿಗೆ ಬರುವುದನ್ನೆಲ್ಲ ಕೂಗಿ ಕೂಗಿ ಹೇಳುತ್ತಿದ್ದೆ. “ಅಣ್ಣ, ಬಸ್ಸು!” ಅಂದರೆ ಅವನು, “ಅದ್ರ ಸದ್ದು ಎರಡು ತಿರುವು ಮುಂಚೇನೇ ಕೇಳ್ತು. ಸುಮ್ನ ಕೂತ್ಕಳ್ಲಾ” ಅನ್ನುತ್ತಿದ್ದ. ಇಷ್ಟು ವರ್ಷ ಅವನು ಆ ರಸ್ತೆಯನ್ನು ಕಿವಿಯಿಂದ, ಮೈಯಿಂದ ಓಡಿಸಿದ್ದ. ಎಲ್ಲರಿಗೂ ಹೀಗೇ ಕಾಣುವುದು ಎಂದುಕೊಂಡಿದ್ದನಂತೆ. ನಾಡಿದ್ದು ಸತ್ಯಮಂಗಲಕ್ಕೆ ಬಂದಾಗ ಕಣ್ಣು ತೋರಿಸೋಣ ಎಂದು ಒಪ್ಪಿಕೊಂಡ.

ಅಲ್ಲಿಗೆ ನಿಂತಿದ್ದರೆ ನಾನು ಒಳ್ಳೆಯ ತಮ್ಮ.

ದಿಂಬಂ ಮೇಲೆ ಟೀ ಅಂಗಡಿಯಲ್ಲಿ ನಿಲ್ಲಿಸಿದೆವು. ಏಳೆಂಟು ಮಂದಿ ಡ್ರೈವರುಗಳಿದ್ದರು, ಎಲ್ಲರೂ ಅಣ್ಣನ ಪರಿಚಯದವರು. ಎಲ್ಲಿಗೆ ಹೋಗಿದ್ದಿರಿ ಅಣ್ಣತಮ್ಮ ಇಬ್ಬರೂ ಎಂದು ಕೇಳಿದರು. ಅಣ್ಣನ ಮುಖ ಅರಳಿತ್ತು. ಲೋಟ ಕೆಳಗಿಟ್ಟು, “ಇವತ್ತು ಒಂದ್ ತಮಾಸಿ ಆಯ್ತು ಕಣ್ರಪ್ಪ, ನಾನು ಕೋವಿ ಇಡ್ದು...” ಎಂದು ಶುರುಮಾಡಿದ. ನಾಲ್ಕು ಗುಂಡಿನ ಕತೆ ಬರುತ್ತದೆ, ಅದರ ಹಿಂದೆಯೇ ನನ್ನ ಮೂರು ಬಾವುಟದ ಕತೆಯೂ ಬರುತ್ತದೆ ಎಂದು ನನಗೆ ಅನ್ನಿಸಿತು. ನಡುವೆ ಬಾಯಿ ಹಾಕಿದೆ. “ನಾನು ಹೇಳ್ತೀನಿ ಇರಿ” ಅಂದೆ.

ಹೇಳಿದೆ ನೋಡಿ! ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಯಾವ ಕತೆಯನ್ನೂ ಹೇಳಿಲ್ಲ. ಚಾಪೆಯಿಲ್ಲದೆ ಬೆಂಚಿನ ಮೇಲೆಯೇ ಬೋರಲು ಮಲಗಿ, ಕತ್ತು ಎಡಕ್ಕೆ ಬಲಕ್ಕೆ ತಿರುಗಿಸಿ, ಅಣ್ಣನ ದನಿಯಲ್ಲೇ “ಯಾವ ಬೋರ್ಡ್ಲಾ?” ಅಂದೆ. “ಎದುರ್ಗ ಗುಡ್ಡ ಅದ ಕಣ್ಲಾ” ಅಂದೆ. ಒಬ್ಬನ ಮೂಗಿನಿಂದ ಟೀ ಬಂತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ ಕತೆಯನ್ನು ಅಲ್ಲಿಗೇ ಮುಗಿಸಿದೆ. ಅಣ್ಣನೂ ನಕ್ಕ. ಅವನು ಹೇಳಬೇಕೆಂದಿದ್ದನ್ನು ಹೇಳಲಿಲ್ಲ. ಟೀ ಕುಡಿದು ಮುಗಿಸಿ ಎದ್ದ.

ಘಾಟಿಯಲ್ಲಿ ನಗೆಚಾಟಿಕೆಗೆ ಲಾರಿಗಿಂತ ವೇಗ ಜಾಸ್ತಿ. ಮೂರೇ ದಿನಕ್ಕೆ ಕತೆ ತಾಳವಾಡಿ ಮುಟ್ಟಿತು. ಎದುರಿಗೆ ಬಂದ ಡ್ರೈವರುಗಳು ತಲೆ ಹೊರಗೆ ಹಾಕಿ, “ಮಾದಪ್ಪಣ್ಣ, ಮುಂದ ತಿರುವು ಅದ, ಕಂಡದಾ?” ಎಂದು ಕೂಗತೊಡಗಿದರು. ನಾಲ್ಕನೆಯ ದಿನ ಲಾರಿಯ ಓನರು ಶಿವಮಲ್ಲಪ್ಪನವರು ಅಣ್ಣನನ್ನು ಕರೆಸಿ ಕೀ ಕೇಳಿ ತೆಗೆದುಕೊಂಡರು. ನಾನು ಸುದ್ದಿ ತಿಳಿದು ಓಡಿಬಂದು, ಸುಬೇದಾರರು ಹೇಳಿದ್ದನ್ನು, ನಾಲ್ಕು ಗುಂಡಿನದನ್ನು, ಎಲ್ಲವನ್ನೂ ಹೇಳಿದೆ. ಶಿವಮಲ್ಲಪ್ಪನವರು ಸಮಾಧಾನದಿಂದಲೇ ಕೇಳಿದರು.

“ನೀ ಏಳೋದು ನಿಜಾನೇ ಇರ್ಬೋದು ನಂಜುಂಡಪ್ಪ. ಆದ್ರ ಬೋರ್ಡ್ ಕಾಣ್ದೋನ್ ಲಾರಿ ಅಂದ್ರ ಯಾರ್ ನಂಗ ಲೋಡ್ ಕೊಟ್ಟಾರು? ಮದ್ಲೇ ಇದ್ನೆಲ್ಲ ಏಳ್ಬೇಕಾಗಿತ್ತು ನೀನು.”

ಕನ್ನಡಕ ಬಂತು. ಅದನ್ನು ಹಾಕಿಕೊಂಡ ದಿನ ಅಣ್ಣ ಅಂಗಳದಲ್ಲಿ ನಿಂತು ಬೆಟ್ಟದ ಕಡೆ ಬಹಳ ಹೊತ್ತು ನೋಡಿದ. “ಮರ ಎಲ್ಲ ಬ್ಯಾರೆ ಬ್ಯಾರೆ ಅವೆ ಕಣ್ಲಾ. ನಾನು ಒಂದೇ ಮುದ್ದೆ ಅಂದ್ಕಂಡಿದ್ದಿ” ಅಂದ. ಅತ್ತಿಗೆ ಒಳಗಿನಿಂದಲೇ, “ತಮಾಸಿ ಮಾಡಾಕ ನಿಮ್ಗ ಬ್ಯಾರೆ ಯಾರೂ ಸಿಕ್ನಿಲ್ವಾ ಮೈದ್ನೋರೆ?” ಅಂದರು. ಆಮೇಲೆ ಮುದ್ದೆ ಬಡಿಸಿದರು. ಅವರು ಇನ್ನೂ ನಾಲ್ಕು ಮಾತು ಬೈದಿದ್ದರಾದರೂ ನನಗೆ ಊಟ ಸೇರುತ್ತಿತ್ತೋ ಏನೋ.

ಬೇರೆ ಯಾರೂ ಅವನಿಗೆ ಲಾರಿ ಕೊಡಲಿಲ್ಲ. ಈಗ ಅವನು ಹೊಲ ನೋಡಿಕೊಳ್ಳುತ್ತಾನೆ. ಬೆಳೆದ ಕೋಸನ್ನು ಇನ್ನೊಬ್ಬರ ಲಾರಿಗೆ ತುಂಬಿ, ರಸ್ತೆ ಬದಿಯಲ್ಲಿ ನಿಂತು ಅದು ಹೋಗುವುದನ್ನು ನೋಡುತ್ತಾನೆ. ಕಣ್ಣು ಮಸುಕಾದವನನ್ನು ಘಾಟಿಯಿಂದ ಇಳಿಸಿ ಎಷ್ಟೋ ಜೀವ ಉಳಿಸಿದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗೆಂದು ಬೇರೆ ಯಾರೂ ಹೇಳಿಲ್ಲ. ಕ್ಲಬ್ಬಿಗೆ ಮತ್ತೆ ಬಾ ಎಂದು ಅಣ್ಣನನ್ನು ನಾನು ಕರೆಯಲಿಲ್ಲ.

ಎರಡು ವರ್ಷದ ಮೇಲೆ ಗುಮಟಾಪುರದಲ್ಲಿ ನೆಂಟರ ಮನೆಯ ಮದುವೆ. ಪಂಕ್ತಿಯಲ್ಲಿ ಕೂತಿದ್ದೆವು. ಎದುರಿನಿಂದ ಯಾರೋ, “ನಂಜುಂಡ, ಆ ಬೋರ್ಡ್ ಕತೆ ಏಳಪ್ಪ” ಅಂದರು. ಇವತ್ತು ಪೂರ್ತಿ ಹೇಳಿಯೇ ತೀರುತ್ತೇನೆ ಎಂದು ನಿರ್ಧರಿಸಿ, ಚಿಕ್ಕ ತೂತು, ಕರೀ ಬೊಟ್ಟು, ನಾಲ್ಕು ಗುಂಡು, ನನ್ನ ಮೂರು ಬಾವುಟ, ಒಂದನ್ನೂ ಬಿಡದೆ ಹೇಳಿದೆ. ಯಾರೂ ನಗಲಿಲ್ಲ. ಒಬ್ಬ ಹಿರಿಯರು, “ಇದ್ಯಾವ್ದು ಒಸದಾಗಿ ಸೇರುಸ್ದೆ? ಮಾದಪ್ಪ, ನಿಜವೇನಪ್ಪ?” ಅಂದರು.

ಅಣ್ಣ ಕನ್ನಡಕ ತೆಗೆದು ಹೆಗಲ ಮೇಲಿನ ವಲ್ಲಿಯ ತುದಿಯಿಂದ ಒರೆಸಿಕೊಂಡ.

“ಅವ್ನಿಗ ನನ್ ಮ್ಯಾಲ ಪ್ರೀತಿ ಜಾಸ್ತಿ. ಅದ್ಕೇಯ ನಾಕ್ ಗುಂಡು ಸೇರುಸ್ತಾವ್ನ. ನಂಗ ಬೋರ್ಡೇ ಕಾಣ್ನಿಲ್ಲ ಬುಡಿ. ಗುಂಡಿ ಒಳ್ಗಿದ್ದೋರು ನನ್ ಎಸ್ರು ಕೇಳೇ ಎದ್ದು ಓಡೋದ್ರು.”

ಇಡೀ ಪಂಕ್ತಿ ಬಿದ್ದು ಬಿದ್ದು ನಕ್ಕಿತು. ಬಡಿಸುವವರು ಬಕೆಟ್ಟು ಕೆಳಗಿಟ್ಟು ನಕ್ಕರು. ಅಣ್ಣ ನನ್ನ ಕಡೆ ನೋಡದೆ ಪಾಯಸಕ್ಕೆ ಕೈ ಹಾಕಿದ. ಆ ಗಳಿಗೆಯಲ್ಲಿ ನನ್ನ ಕಣ್ಣು ತುಂಬಿ ಬಂತು ಎಂದು ಬರೆಯಲು ಪೆನ್ನು ಮುಂದಾಗುತ್ತಿದೆ. ಆದರೆ ಮೊದಲು ಆದದ್ದು ಅದಲ್ಲ. ಕತೆ ಹೇಳುವುದರಲ್ಲೂ ಇವನೇ ಗೆದ್ದನಲ್ಲ ಎಂದು ನನಗೆ ಹೊಟ್ಟೆ ಉರಿಯಿತು.