ನಾವಿಬ್ಬರೇ, ಮನೆ ಇದೆಯಾ?

ಮನುಷ್ಯನಿಗೆ ಎರಡು ಸಲ ಬ್ಯಾಚುಲರ್ ಆಗುವ ಯೋಗವಿರಬಹುದು ಎಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಮೊದಲನೆಯ ಸಲ ಆಗಿದ್ದಾಗ ತಲೆ ತುಂಬ ಕೂದಲಿತ್ತು, ಬಾಯಿ ತುಂಬ ಹಲ್ಲಿತ್ತು, ಮನೆ ಕೊಡುವವರು ಅನುಮಾನಪಟ್ಟರೆ ಅದಕ್ಕೊಂದು ಅರ್ಥವೂ ಇತ್ತು. ಈಗ ಪಿಂಚಣಿ ತಿನ್ನುತ್ತ, ಮಂಡಿಗೆ ಎಣ್ಣೆ ಸವರಿಕೊಂಡು, ಊಟವಾದ ತಕ್ಷಣ ಗೊರಕೆ ಹೊಡೆಯುವ ನನ್ನನ್ನು ಕಡೂರಿನ ಒಬ್ಬ ಮನೆ ಮಾಲೀಕರು ಮೇಲಿಂದ ಕೆಳಗೆ ನೋಡಿ, "ಬೇಜಾರ್ ಮಾಡ್ಕೋಬೇಡಿ ಸಾರ್, ಬ್ಯಾಚುಲರ್ಸ್‌ಗೆ ನಾವು ಕೊಡಲ್ಲ. ಫ್ರೆಂಡ್ಸ್ ಬರ್ತಾರೆ, ಗಲಾಟೆ ಆಗುತ್ತೆ" ಎಂದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಫ್ರೆಂಡ್ಸ್ ಪೈಕಿ ಒಬ್ಬನಿಗೆ ಕಿವಿ ಕೇಳಿಸುವುದಿಲ್ಲ, ಇನ್ನೊಬ್ಬನಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಗಲಾಟೆ ಮಾಡಿಸಲೇಬೇಕೆಂದರೆ ಕೂಲಿಗೆ ಆಳು ಕರೆಸಬೇಕು, ಅಷ್ಟೇ.

ನಾನು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು. ಅಜ್ಜಂಪುರ, ತರೀಕೆರೆ, ಕಡೂರು ಎಂದು ವರ್ಗವಾದ ಕಡೆಯಲ್ಲೆಲ್ಲ ಬಾಡಿಗೆ ಮನೆಯಲ್ಲೇ ಸಂಸಾರ ಮಾಡಿದೆ. ಮನೆ ಹುಡುಕುವ ಉಸಾಬರಿಯೆಲ್ಲ ನನ್ನ ಹೆಂಡತಿ ಶಾರದೆಯದು. ನಾನು ಪಡಸಾಲೆಯಲ್ಲಿ ಕೂತು ಮಾಲೀಕರ ಎಮ್ಮೆಯ ಕೆಚ್ಚಲು ಬಾವಿನ ವಿಚಾರ ಮಾತಾಡುತ್ತಿದ್ದರೆ, ಅವಳು ಒಳಗೆ ಹೋಗಿ ನಲ್ಲಿ ತಿರುಗಿಸಿ, ಬಚ್ಚಲಿನ ಇಳಿಜಾರು ನೋಡಿ, ಹಪ್ಪಳ ಒಣಗಿಸಲು ಬಿಸಿಲು ಎಲ್ಲಿ ಬೀಳುತ್ತದೆಂದು ಪರೀಕ್ಷಿಸಿ, ಕೊನೆಗೆ ಅಡಿಗೆಮನೆಯ ಶೆಲ್ಫಿಗೆ ಕೈ ಚಾಚುತ್ತಿದ್ದಳು. ಎಟುಕುತ್ತಿರಲಿಲ್ಲ. ಯಾವ ಊರಿನ ಯಾವ ಮನೆಯಲ್ಲೂ ಎಟುಕಲಿಲ್ಲ. ಅವಳು ಅಷ್ಟು ಕುಳ್ಳಿ, ನಾನು ಗಳದ ಹಾಗೆ ಉದ್ದ. "ಈ ಮನೆ ಕಟ್ಟೋರೆಲ್ಲ ನಿಮ್ಮ ವಂಶದೋರೇ ಇರ್ಬೇಕು ಕಣ್ರೀ" ಎಂದು ಗೊಣಗುತ್ತ ಸ್ಟೂಲು ಎಳೆದುಕೊಳ್ಳುತ್ತಿದ್ದಳು. ಆ ಸ್ಟೂಲೂ ನಮ್ಮ ಜೊತೆ ಮೂರು ಊರಿನ ನೀರು ಕುಡಿದಿದೆ.

ನಮಗೆ ಮಕ್ಕಳಾಗಲಿಲ್ಲ. ಬಂಧುಬಳಗದಲ್ಲಿ ಅದೊಂದು ಕೊರತೆಯಾಗಿದ್ದರೂ ಬಾಡಿಗೆ ಮನೆಯ ಲೋಕದಲ್ಲಿ ಅದಕ್ಕಿಂತ ದೊಡ್ಡ ಯೋಗ್ಯತೆ ಇನ್ನೊಂದಿಲ್ಲ. "ಎಷ್ಟು ಜನ?" ಎಂದು ಅವರು ಕೇಳುವುದು, "ನಾವಿಬ್ಬರೇ" ಎಂದು ನಾನು ಹೇಳುವುದು, ಮಾಲೀಕರ ಮುಖ ಅರಳುವುದು. "ಹಂಗಾದ್ರೆ ಗೋಡೆ ಮೇಲೆ ಗೀಚೋರಿಲ್ಲ ಬಿಡಿ!" ಎಂದು ಒಬ್ಬರು ಖುಷಿಯಿಂದ ತೊಡೆ ತಟ್ಟಿಕೊಂಡಿದ್ದರು. ಶಾರದೆಯೂ ನಕ್ಕಿದ್ದಳು. ಆಮೇಲೆ ದಾರಿಯುದ್ದಕ್ಕೂ ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು. ಮನೆಯೇನೋ ಸಿಕ್ಕಿತು. ಹೀಗೆ ನಮ್ಮ ಸಂಕಟವನ್ನೇ ಅಡ್ವಾನ್ಸ್ ಕೊಟ್ಟು ನಾವು ಒಂದೊಂದು ಊರಲ್ಲೂ ಬಾಗಿಲು ತೆಗೆಸಿಕೊಂಡೆವು. ಆ "ನಾವಿಬ್ಬರೇ" ನನ್ನ ನಾಲಿಗೆಯಲ್ಲಿ ಎಷ್ಟು ಊರಿಬಿಟ್ಟಿತ್ತೆಂದರೆ, ಹೋದ ವರ್ಷ ದೀಪಾವಳಿಗೆ ಮುಂಚೆ ಶಾರದೆ ತೀರಿಕೊಂಡ ಮೇಲೂ ಅದು ಜಾಗ ಬಿಡಲಿಲ್ಲ.

ಅವಳಿಲ್ಲದ ಮನೆಯಲ್ಲಿ ಹೇಗೋ ದಿನ ನೂಕುತ್ತಿದ್ದೆ. ಅಷ್ಟರಲ್ಲಿ ಮಾಲೀಕರು ಬಂದು, "ಹಳೇ ಹೆಂಚಿನ ಮನೆ ಸಾರ್, ಕೆಡವಿ ನಾಲ್ಕು ಪೋರ್ಷನ್ ಮಾಡ್ತೀವಿ. ಆಷಾಢ ಹಿಡಿಯೋದ್ರೊಳಗೆ ಖಾಲಿ ಮಾಡ್ಕೊಟ್ಬಿಡಿ" ಎಂದರು. ಅವರದೇನೂ ತಪ್ಪಿಲ್ಲ. ಕಡೂರಿನ ಗಾಳಿಯೇ ಈಗ ಹಾಗೆ ಬೀಸುತ್ತಿದೆ. ದೇವನೂರು, ಚೌಳಹಿರಿಯೂರು ಕಡೆಯ ತೋಟದವರು ಮಕ್ಕಳನ್ನು ಕಾನ್ವೆಂಟಿಗೆ ಸೇರಿಸುತ್ತಾರೆ. ಗಂಡ ಊರಲ್ಲಿ ತೆಂಗು ನೋಡಿಕೊಂಡಿರುತ್ತಾನೆ, ಹೆಂಡತಿ ಮಕ್ಕಳು ಇಲ್ಲಿ ಬಾಡಿಗೆಗೆ ಇರುತ್ತಾರೆ. ಅಜ್ಜಂಪುರ ತಾಲ್ಲೂಕಾದ ಮೇಲೆ ಅಲ್ಲೂ ಆಫೀಸಿನವರ ನೂಕುನುಗ್ಗಲು. ತರೀಕೆರೆಯಲ್ಲಿ ವಿಚಾರಿಸಿದರೆ ಬಾಡಿಗೆ ಕೇಳಿಯೇ ಬಾಯಾರಿಕೆಯಾಯಿತು. ದನ ಕಟ್ಟುತ್ತಿದ್ದವರೆಲ್ಲ ದನ ಮಾರಿ ಬಾಡಿಗೆದಾರರನ್ನು ಕಟ್ಟಿಕೊಂಡಿದ್ದಾರೆ. ಹಾಕುವ ಮೇವು ಉಳಿಯಿತು, ಹಾಲು ಕರೆಯುವುದಂತೂ ತಿಂಗಳು ತಿಂಗಳೂ ತಪ್ಪದು. ಹಿಂದೆ ಕೊಟ್ಟಿಗೆಯಲ್ಲಿ ಹಸುವಿದ್ದ ಮನೆಯವರು ಕಾಂಪೌಂಡರ್ ಎಂದರೆ ಕರೆದು ಮನೆ ಕೊಡುತ್ತಿದ್ದರು. ಈಗ ಕೊಟ್ಟಿಗೆಯಲ್ಲಿ ಕಾರಿದೆ. ಕಾರಿಗೆ ನಾನು ಇಂಜೆಕ್ಷನ್ ಕೊಡಲಾರೆ.

ಬ್ಯಾಚುಲರ್ ಎಂದು ಓಡಿಸಿದವರಾದರೂ ವಾಸಿ. ಇನ್ನೊಬ್ಬರಂತೂ ಹೊಸ ಮನೆ ತೋರಿಸಿ, ಕಾಫಿ ಕೊಟ್ಟು, ಬಹಳ ಸಂಕೋಚದಿಂದ ಕತ್ತು ಕೆರೆದುಕೊಂಡರು. "ತಪ್ಪು ತಿಳ್ಕೋಬೇಡಿ. ವಯಸ್ಸಾದೋರು, ಒಬ್ರೇ ಇರ್ತೀರಿ. ನಾಳೆ ದಿನ ಏನಾದ್ರೂ ಹೆಚ್ಚುಕಮ್ಮಿ ಆಗಿ, ನಕ್ಷತ್ರ ಬೇರೆ ಸರಿ ಇಲ್ದಿದ್ರೆ, ತಿಂಗಳುಗಟ್ಲೆ ಮನೆಗೆ ಬೀಗ ಹಾಕ್ಬೇಕಾಗುತ್ತೆ. ಗೃಹಪ್ರವೇಶ ಈಗಷ್ಟೇ ಆಗಿದೆ ನೋಡಿ." ಒಳ್ಳೆಯ ನಕ್ಷತ್ರ ನೋಡಿಕೊಂಡೇ ಸಾಯುತ್ತೇನೆ ಸ್ವಾಮಿ, ಬೇಕಾದರೆ ಕರಾರಿನಲ್ಲಿ ಬರೆಸಿಕೊಳ್ಳಿ ಎನ್ನಬೇಕೆನಿಸಿತು. ಕಾಫಿ ಚೆನ್ನಾಗಿತ್ತು, ಅದಕ್ಕೇ ಸುಮ್ಮನೆ ಎದ್ದು ಬಂದೆ. ಮನೆಗೆ ಬಂದು ಶಾರದೆಯ ಫೋಟೊ ಮುಂದೆ ಕೂತು ಈ ಮಾತು ಹೇಳಿ ಒಬ್ಬನೇ ನಕ್ಕೆ. ನಗುತ್ತ ನಗುತ್ತಲೇ ಅಳು ಬಂದುಬಿಟ್ಟಿತು. ಅವಳು ಹೋದ ದಿನವೂ ನಾನು ಅಷ್ಟು ಅತ್ತಿರಲಿಲ್ಲ.

ಆಷಾಢ ಹತ್ತಿರ ಬಂದಿತ್ತು. ಆಗ ಟೀ ಅಂಗಡಿಯವನು, "ರುದ್ರಮ್ಮನೋರು ಕೊಟ್ಟಿಗೇನ ಮನೆ ಮಾಡಿಸ್ತಾವ್ರೆ, ಹೋಗಿ ನೋಡಿ" ಎಂದ. ರುದ್ರಮ್ಮ ನಮಗೆ ಹೊಸಬರಲ್ಲ. ನಾವು ಕಡೂರಿಗೆ ಬಂದ ಹೊಸದರಲ್ಲಿ ಶಾರದೆ ಹಾಲಿಗೆ ಹೋಗುತ್ತಿದ್ದುದು ಅವರ ಮನೆಗೇ. ಕಾಂಪೌಂಡ್ ಗೋಡೆಯ ಮೇಲಿಂದ ಪಾತ್ರೆ ಕೊಡಲು ಇವಳು ತುದಿಗಾಲಲ್ಲಿ ನಿಂತು ಒದ್ದಾಡುವುದು, ಅವರು ಆ ಕಡೆಯಿಂದ ನಗುವುದು ದಿನದ ಕಾರ್ಯಕ್ರಮ. ಆಮೇಲೆ ಅವರು ಹಸು ಮಾರಿ ಚೌಳಹಿರಿಯೂರಿನ ಮಗಳ ಮನೆಗೆ ಹೋದರು, ನಾವು ಪ್ಯಾಕೆಟ್ ಹಾಲಿಗೆ ಬಿದ್ದೆವು, ಒಡನಾಟ ತಪ್ಪಿತ್ತು. ಅವರು ಕಡೂರಿಗೆ ವಾಪಸಾದದ್ದು ನನಗೆ ಗೊತ್ತಾದದ್ದೇ ಈಗ. ಹೋಗಿ ನೋಡಿದರೆ ಕೊಟ್ಟಿಗೆಗೆ ಟೈಲ್ಸ್ ಬಂದಿದೆ. ಅವರ ಹಸು ನನಗೆ ಝಾಡಿಸಿ ಒದ್ದ ಜಾಗದಲ್ಲಿ ಟಿ.ವಿ. ಪಾಯಿಂಟ್ ಇದೆ.

"ಓಹೋ, ಕಾಂಪೌಂಡ್ರು! ಎಷ್ಟು ಕಾಲ ಆಯ್ತು ನಿಮ್ಮನ್ನ ನೋಡಿ" ಎಂದು ರುದ್ರಮ್ಮ ಸಡಗರಪಟ್ಟರು. "ನನ್ ಮಗ ಲೋಕೇಶ ಬೀರೂರಲ್ಲಿ ಅಂಗಡಿ ಇಟ್ಟವ್ನೆ, ಅವನದೇ ಎಲ್ಲ ರೂಲ್ಸು. ಸಂಸಾರಸ್ಥರಿಗೆ ಮಾತ್ರ ಕೊಡ್ಬೇಕಂತೆ. ನಿಮ್ಮದೇನು, ಇನ್ನೂ ಇಬ್ರೇ ತಾನೆ?"

"ಹೂಂ, ನಾವಿಬ್ಬರೇ" ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಾಯಿಂದ ಹೊರಗೆ ಬಿದ್ದ ಮೇಲೆಯೇ ನನಗೂ ಕೇಳಿಸಿದ್ದು. ತಿದ್ದಿಕೊಳ್ಳೋಣ ಎನ್ನುವಷ್ಟರಲ್ಲಿ ಅವರು, "ಶಾರದಮ್ಮನ್ನೂ ಕರ್ಕೊಂಡು ಬರ್ಬಾರ್ದಿತ್ತಾ?" ಎಂದರು. "ಬಿಸಿಲು" ಎಂದೆ. ಹೊರಗೆ ಮೋಡ ಕವಿದು ಕತ್ತಲಾಗಿತ್ತು. ಪುಣ್ಯಕ್ಕೆ ರುದ್ರಮ್ಮ ಆಗಲೇ ಅಡಿಗೆಮನೆಗೆ ಹೊರಟಿದ್ದರು. "ಶೆಲ್ಫ್ ಕಲ್ಲು ಇನ್ನೂ ಕೂರ್ಸಿಲ್ಲ, ಒಳ್ಳೇದೇ ಆಯ್ತು. ಪಾಪ ಆವಮ್ಮ ಕುಳ್ಳು. ಕೆಳಗೆ ಹಾಕಿಸ್ತೀನಿ ಇರಿ."

ಮಾರನೆಯ ದಿನ ನಿಜ ಹೇಳಿಬಿಡಬೇಕೆಂದೇ ಹೊರಟೆ. ಹೋದರೆ ಅಡಿಗೆಮನೆಯಲ್ಲಿ ಮೇಸ್ತ್ರಿಗೂ ರುದ್ರಮ್ಮನಿಗೂ ಜಟಾಪಟಿ ನಡೆದಿದೆ. "ಇಷ್ಟು ಕೆಳಗೆ ಯಾರಾದ್ರೂ ಶೆಲ್ಫ್ ಹಾಕ್ತಾರೇನಮ್ಮ? ನೋಡಿದೋರು ನನ್ನ ಬೈತಾರೆ" ಎಂದು ಅವನು. "ನೀನೇನು ಅಡಿಗೆ ಮಾಡ್ತೀಯೇನೋ? ಹೇಳ್ದಷ್ಟು ಮಾಡು" ಎಂದು ಇವರು. ಸಿಮೆಂಟ್ ಹೊರುವ ಹೆಂಗಸೊಬ್ಬಳನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಕೈ ಎತ್ತಿಸಿ, ಅವಳ ಬೆರಳ ತುದಿಗೆ ಸೀಮೆಸುಣ್ಣದ ಗೆರೆ ಎಳೆಸಿದ್ದರು. ನನ್ನನ್ನು ಕಂಡು, "ಬನ್ನಿ ಬನ್ನಿ, ಸರಿಯಾದ ಟೈಮಿಗೆ ಬಂದ್ರಿ. ಶಾರದಮ್ಮ ಇವಳಷ್ಟೇ ಎತ್ತರ ಅಲ್ವಾ?" ಎಂದರು. ಹೇಳಬೇಕಾಗಿದ್ದ ಮಾತು ಗಂಟಲಿಗೆ ಬಂದಿತ್ತು. ಗೆರೆಯನ್ನು ನೋಡಿದೆ. ಅಷ್ಟು ಮನೆ ಬದಲಾಯಿಸಿದೆವಲ್ಲ, ಒಬ್ಬ ಮಾಲೀಕರಾದರೂ ಅವಳಿಗಾಗಿ ಹೀಗೊಂದು ಗೆರೆ ಎಳೆದಿರಲಿಲ್ಲ. "ಇನ್ನೊಂದು ಬೆರಳು ಕಮ್ಮಿ" ಎಂದೆ. ಮೇಸ್ತ್ರಿ ನನ್ನನ್ನು ದುರುಗುಟ್ಟಿಕೊಂಡು ನೋಡಿ ಗೆರೆ ಇಳಿಸಿದ.

ಮನೆಗೆ ಹೋಗುವ ದಿನ ಬಂತು. ಲಗೇಜ್ ಆಟೊದಲ್ಲಿ ಡ್ರೈವರ್ ಪಕ್ಕ ಕೂತು, ತೊಡೆಯ ಮೇಲೆ ಟವೆಲ್ ಸುತ್ತಿದ ಫೋಟೊ ಇಟ್ಟುಕೊಂಡು ಹೋದೆ. ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ರುದ್ರಮ್ಮ ಪಕ್ಕದ ಮನೆಯ ಹೆಂಗಸಿನ ಕೈಗೆ ಆರತಿ ತಟ್ಟೆ ಕೊಟ್ಟು ನಿಲ್ಲಿಸಿದ್ದರು. ಇನ್ನೊಂದು ತಟ್ಟೆಯಲ್ಲಿ ಅರಿಶಿನ, ಕುಂಕುಮ, ಒಂದು ಹಸಿರು ರವಿಕೆ ಕಣ. ಒಳಗೆ ಉಕ್ಕಿಸಲು ಹಾಲು ಸಿದ್ಧವಾಗಿತ್ತು.

"ಶಾರದಮ್ಮ ಹಿಂದಿಂದ ಬರ್ತಾರಾ?" ಎಂದರು.

"ಇಲ್ಲ ರುದ್ರಮ್ಮನೋರೇ" ಎಂದೆ. ಟವೆಲ್ ಬಿಚ್ಚಿ ತೋರಿಸಿದೆ. "ಹೋದ ವರ್ಷ ಹೋಗಿಬಿಟ್ಟಳು."

ರುದ್ರಮ್ಮ ಫೋಟೊ ನೋಡಿದರು, ಅದರ ಹಾರ ನೋಡಿದರು. ಅಲ್ಲೇ ಹೊಸ್ತಿಲ ಪಕ್ಕ ಕುಸಿದು ಕೂತರು. "ಅಯ್ಯೋ ಶಿವನೇ... ಬಿಸ್ಲು ಅಂದ್ರಲ್ಲ ಕಣ್ರೀ ಅವತ್ತು!" ಎಂದವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಬಾಯಿ ತಪ್ಪಿ ಬಂತೆಂದೆ. ನಿಮಗೆ ಮೋಸ ಮಾಡಬೇಕೆಂದಲ್ಲ, ಸಾಮಾನು ವಾಪಸ್ ತೆಗೆದುಕೊಂಡು ಹೋಗುತ್ತೇನೆ ಎಂದೆ. ಡ್ರೈವರ್ ಆಗಲೇ ಹಗ್ಗ ಬಿಚ್ಚಿದ್ದ, ಅವನ ಮುಖ ಕೆಟ್ಟಿತು.

"ಎಲ್ಲಿಗೆ ಹೋಗ್ತೀರಿ?" ರುದ್ರಮ್ಮ ಗದರಿಕೊಂಡೇ ಎದ್ದರು. "ಆ ಮನೆ ಹೆಂಚು ಇಳಿಸ್ತಾವ್ರೆ, ನಾಳಿದ್ದು ಆಷಾಢ. ಆವಮ್ಮ ನೋಡ್ತಾ ಇದ್ರೆ ನನ್ನ ಸುಮ್ನೆ ಬಿಡ್ತಾಳಾ? ನಡೀರಿ ಒಳಗೆ. ಲೋಕೇಶ ಕೇಳಿದ್ರೆ ಇಬ್ರೇ ಅನ್ನಿ. ಅವನೇನು ಬಂದು ತಲೆ ಎಣಿಸಲ್ಲ." ಒಲೆ ನನ್ನ ಕೈಯಲ್ಲೇ ಹಚ್ಚಿಸಿದರು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಹಸಿರು ಕಣವನ್ನು ಫೋಟೊದ ಮುಂದಿಟ್ಟರು. ಫೋಟೊವನ್ನು ಆ ಶೆಲ್ಫಿನ ಮೇಲೇ ಇಟ್ಟೆವು.

ಹೀಗಾಗಿ ಕರಾರು ಪತ್ರದ ಪ್ರಕಾರ ನಾನಿನ್ನೂ ಸಂಸಾರಸ್ಥ. ಮನೆಯೂ ಚೆನ್ನಾಗಿದೆ, ನಲ್ಲಿಯಲ್ಲಿ ನೀರೂ ಬರುತ್ತದೆ. ತೊಂದರೆ ಅಂದರೆ ಶೆಲ್ಫಿನದೊಂದೇ. ಒಲೆಯ ಮೇಲೆ ಬಗ್ಗಿದಾಗಲೆಲ್ಲ ಕಡಪ ಕಲ್ಲಿನ ಅಂಚು ಹಣೆಗೆ ಬಡಿಯುತ್ತದೆ. ಬುಗುಟು ಇಳಿಯುವುದರೊಳಗೆ ಇನ್ನೊಂದು ಏಳುತ್ತದೆ. ಮೊನ್ನೆ ಲೋಕೇಶನ ಫೋನ್ ಬಂತು.

"ಅಮ್ಮ ಹೇಳಿದ್ಲು ಸಾರ್, ಶೆಲ್ಫ್ ನಿಮ್ಮ ತಲೆಗೆ ಬಡೀತಿದೆಯಂತೆ. ಆ ಮೇಸ್ತ್ರಿಗೆ ಬುದ್ಧಿ ಇಲ್ಲ. ನಾಳೆ ಕಳಿಸ್ತೀನಿ, ಕಿತ್ತು ಒಂದಡಿ ಮೇಲೆ ಹಾಕ್ಕೊಡ್ತಾನೆ."

"ಬೇಡಪ್ಪ" ಎಂದೆ ಹಣೆ ಸವರಿಕೊಳ್ಳುತ್ತ. "ಅವಳಿಗೆ ಎಟುಕಲ್ಲ."