ಎಣಿಸುವವನು ಲೆಕ್ಕಕ್ಕಿಲ್ಲ

ಎಲ್ಲ ತಾಪತ್ರಯಕ್ಕೂ ಮೂಲ ಆ ಕೆಂಪು ಕೊಡೆ. ಅದನ್ನು ಮನೆಯಲ್ಲೇ ಬಿಟ್ಟು ಹೋಗಬೇಕೆಂದು ಮ್ಯಾನೇಜರ್ರು ಹಿಂದಿನ ದಿನವೇ ತೀರ್ಮಾನಿಸಿ ಬೀರುವಿನ ಹಿಂದಕ್ಕೆ ತಳ್ಳಿದ್ದರು. ಹೊರಡುವ ಹೊತ್ತಿಗೆ ಹೆಂಡತಿ ಅದನ್ನು ಹುಡುಕಿ ತೆಗೆದು, ಧೂಳು ಒರೆಸಿ, ಕೈಗೆ ತುರುಕಿದರು.

“ಬೇಡ ಕಣೇ. ಇವತ್ತು ನಾನು ಡ್ಯೂಟಿ ಮೇಲೆ ಹೋಗ್ತಿಲ್ಲ.”

“ಬಿಸಿಲು ಡ್ಯೂಟಿ ಮೇಲಿರುತ್ತಲ್ಲ. ತಗೊಂಡ್ಹೋಗಿ.”

ಮ್ಯಾನೇಜರ್ರು ಅಂದರೆ ಬ್ಯಾಂಕಿನವರಲ್ಲ, ಟೂರ್ ಕಂಪನಿಯವರು. ವಾರಕ್ಕೆ ಆರು ದಿನ ನಲವತ್ತೆರಡು ಜನರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ, ನೋಡಬೇಕಾದ್ದನ್ನೆಲ್ಲ ತೋರಿಸಿ, ಅಷ್ಟೂ ಜನರನ್ನು ವಾಪಸ್ ತಂದು ಇಳಿಸುವುದು ಅವರ ಕೆಲಸ. ಪ್ರತಿ ನಿಲ್ದಾಣದಲ್ಲೂ ಆ ಕೆಂಪು ಕೊಡೆಯನ್ನು ಎತ್ತಿ ಹಿಡಿದು ಮುಂದೆ ನಡೆಯುತ್ತಾರೆ, ಜನ ಹಿಂದೆ ಬರುತ್ತಾರೆ. ಬಸ್ಸು ಹೊರಡುವ ಮೊದಲು ಕೆಳಗೆ ನಿಂತು ತಲೆ ಎಣಿಸುತ್ತಾರೆ. ಲೆಕ್ಕ ಸರಿಯಾದರೆ ಬಸ್ಸಿನ ಮೈಗೆ ಎರಡೇಟು ತಟ್ಟಿ “ರೈಟ್!” ಅಂದು, ಚಲಿಸುವ ಬಸ್ಸಿಗೆ ಕೊನೆಯವರಾಗಿ ಹತ್ತಿಕೊಳ್ಳುತ್ತಾರೆ. ಹನ್ನೊಂದು ವರ್ಷದಲ್ಲಿ ಒಬ್ಬರನ್ನೂ ಬಿಟ್ಟು ಬಂದವರಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಮಾತ್ರ ತಮ್ಮನ್ನೂ ಸೇರಿಸಿ ಎಣಿಸಿ, ಒಬ್ಬರು ಹೆಚ್ಚಾದರೆಂದು ಗಾಬರಿಯಾಗಿದ್ದರು. ಆಗ ಮಾಲೀಕರು ಹೇಳಿದ ಮಾತು ಅವರಿಗೆ ಇಂದಿಗೂ ಬಾಯಿಪಾಠ: “ಎಣಿಸೋನು ಲೆಕ್ಕಕ್ಕಿಲ್ಲ ರೀ. ಅವರು ಜನ, ನೀವು ಸಿಬ್ಬಂದಿ.”

ಪ್ರವಾಸದ ಕೊನೆಯ ಜಾಗ ಕಡಲ ದಂಡೆಯ ಗುಡ್ಡ. ಅದರ ನೆತ್ತಿಯಲ್ಲೊಂದು ದೀಪಸ್ತಂಭ, ಅದರ ಬುಡದಲ್ಲೊಂದು ಕಲ್ಲುಬೆಂಚು. ಅಲ್ಲಿ ನಿಂತು ಮ್ಯಾನೇಜರ್ರು ದಿನವೂ ಮೈಕಿನಲ್ಲಿ ಹೇಳುತ್ತಿದ್ದರು: “ಇಲ್ಲಿನ ಸೂರ್ಯಾಸ್ತ ನೋಡೋಕೆ ಎರಡು ಕಣ್ಣು ಸಾಲದು. ಕರಗಿದ ಚಿನ್ನ! ಆದರೆ ನಮಗೆ ಟೈಮಿಲ್ಲ, ಎಲ್ರೂ ಬಸ್ಸು ಹತ್ತಿ.” ಸೂರ್ಯ ಮುಳುಗುವುದು ಆರು ಹತ್ತಕ್ಕೆ, ಬಸ್ಸು ಹೊರಡುವುದು ಐದು ಇಪ್ಪತ್ತಕ್ಕೆ. ಎರಡು ಕಣ್ಣು ಸಾಲದ ಆ ಸೂರ್ಯಾಸ್ತವನ್ನು ಅವರು ಅರ್ಧ ಕಣ್ಣಿನಲ್ಲೂ ನೋಡಿರಲಿಲ್ಲ. ಕರಗಿದ ಚಿನ್ನ ಕಂಪನಿಯ ಕರಪತ್ರದಲ್ಲಿತ್ತು.

ಇದು ಅವರನ್ನು ಹಲ್ಲಿನ ಸಂದಿಯ ನಾರಿನಂತೆ ಕಾಡುತ್ತಿತ್ತು. ಕೊನೆಗೊಂದು ವಾರದ ರಜೆಯನ್ನು ಇದಕ್ಕೇ ಮೀಸಲಿಟ್ಟರು. ಒಬ್ಬರೇ ಹೋಗಬೇಕು. ಯಾರಿಗೂ ಏನನ್ನೂ ತೋರಿಸಬಾರದು, ಯಾರನ್ನೂ ಎಣಿಸಬಾರದು. ಆ ಬೆಂಚಿನ ಮೇಲೆ ಕೂತು ಸೂರ್ಯ ಪೂರ್ತಿ ಮುಳುಗುವುದನ್ನು ನೋಡಬೇಕು. ಅಷ್ಟೇ ಅವರ ಆಸೆ.

“ಒಬ್ರೇನಾ?” ಅಂದಿದ್ದರು ಹೆಂಡತಿ. “ಯಾಕೆ, ನಾನೇನು ಮಾಡ್ದೆ?”

“ನೀನೇನೂ ಮಾಡಿಲ್ಲ. ಸುಮ್ನೆ ಒಬ್ನೇ ಹೋಗ್ಬೇಕು ಅನ್ನಿಸ್ತು.”

“ಸುಮ್ನೆ ಯಾರಿಗೂ ಹಾಗನ್ನಿಸಲ್ಲ.”

ಪಕ್ಕದ ಮನೆಯಾಕೆ ಗೋಡೆಯ ಮೇಲಿಂದಲೇ ದನಿಗೂಡಿಸಿದ್ದರು. “ನಮ್ಮ ಮಾವನೂ ಹೀಗೇ ಒಬ್ರೇ ಹೋಗ್ತೀನಿ ಅಂತ ಹೋದ್ರು ಅಕ್ಕಾ. ಕನ್ನಡಕ ಕಳ್ಕೊಂಡು ಬಂದ್ರು.” ಅದಾದ ಮೇಲೆ ಮ್ಯಾನೇಜರ್ರ ಚೀಲದಲ್ಲಿ ಎರಡು ಕನ್ನಡಕ ಬಂದು ಕೂತವು.

ಮಧ್ಯಾಹ್ನ ಮೂರರ ಹೊತ್ತಿಗೆ ಲೈನ್ ಬಸ್ಸು ಕಡಲ ದಂಡೆಯ ಊರು ಮುಟ್ಟಿತು. ಮ್ಯಾನೇಜರ್ರು ಎಂದೂ ಜನರನ್ನು ಕರೆದೊಯ್ಯದ ಒಂದು ಸಣ್ಣ ಹೋಟೆಲ್ ಹೊಕ್ಕರು. ಸಪ್ಲೈಯರ್ “ಎಷ್ಟು ಜನ?” ಅಂದ. “ಒಬ್ಬ” ಅಂದಾಗ ಬಾಯಿಗೆ ಕಲ್ಲುಸಕ್ಕರೆ ಹಾಕಿಕೊಂಡಂತಾಯಿತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವರು ಒಂದು ಎಂಬ ಅಂಕಿಯನ್ನು ತಮ್ಮ ಸಲುವಾಗಿ ಬಳಸಿದ್ದರು.

ಆದರೆ ಒಂಟಿತನಕ್ಕೆ ಅದರದ್ದೇ ಫಜೀತಿಗಳು. ಕೈ ತೊಳೆಯಲು ಎದ್ದರೆ ಚೀಲ ನೋಡಿಕೊಳ್ಳುವವರು ಯಾರು? ಚೀಲ, ಕೊಡೆ ಎರಡನ್ನೂ ಕಂಕುಳಲ್ಲಿ ಇರುಕಿಕೊಂಡು ಹೋಗಿ ಕೈ ತೊಳೆದು ಬರುವಷ್ಟರಲ್ಲಿ ಅವರ ಟೇಬಲ್ಲು ಐದು ಜನರ ಒಂದು ಸಂಸಾರದ ಪಾಲಾಗಿತ್ತು. ಬೇರೆ ಮೂಲೆ ಹಿಡಿದು ಕೂತರು. ಊಟ ಚೆನ್ನಾಗಿತ್ತು, ಆದರೆ ಚೆನ್ನಾಗಿದೆ ಅನ್ನಲು ಎದುರಿಗೆ ಯಾರೂ ಇರಲಿಲ್ಲ. ನೀರಿನ ಜಗ್ಗಿನ ಕಡೆ ನೋಡಿ ತಲೆಯಾಡಿಸಿದರು.

“ಒಬ್ನೇ ಕೂತಿದೀಯಲ್ಲಪ್ಪಾ!” ಎಂದಿತು ಒಂದು ದನಿ. ಒಬ್ಬ ಅಜ್ಜಿ ತಟ್ಟೆಯ ಸಮೇತ ಎದುರಿಗೆ ಬಂದು ಕೂತರು. “ನಾನೂ ಒಬ್ಳೇ. ದೀಪಸ್ತಂಭಕ್ಕೆ ಎಷ್ಟು ದೂರ ಇಲ್ಲಿಂದ?”

ಗೊತ್ತಿಲ್ಲ ಎಂದಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ಹನ್ನೊಂದು ವರ್ಷದ ಗುಣ ಒಂದು ದಿನದ ರಜೆಗೆ ಹೋಗುತ್ತದೆಯೇ? “ನಡೆದ್ರೆ ಇಪ್ಪತ್ತೈದು ನಿಮಿಷ ಅಜ್ಜಿ. ಮೆಟ್ಟಿಲು ನೂರಾ ಹನ್ನೆರಡು. ಎಡಗಡೆ ಹತ್ತಿ, ಅಲ್ಲಿ ನೆರಳಿದೆ, ಹಿಡ್ಕೊಳ್ಳೋಕೆ ಕಂಬೀನೂ ಇದೆ” ಎಂದು ನಾಲಗೆ ತಾನಾಗಿ ಒದರಿತು.

ಅಜ್ಜಿಯ ಕಣ್ಣು ಅರಳಿತು. “ನೀನು ಸಿಕ್ಕಿದ್ದೇ ಪುಣ್ಯ.”

ಹೊರಗೆ ಬೆಂಕಿಯಂಥ ಬಿಸಿಲು. ಮ್ಯಾನೇಜರ್ರು ಕೊಡೆ ಬಿಚ್ಚಿದರು. ಬಿಚ್ಚಿದ್ದೇನೋ ತಲೆಗೆಂದೇ, ಆದರೆ ಕೈ ಅಭ್ಯಾಸಬಲದಿಂದ ಒಂದು ಗೇಣು ಮೇಲಕ್ಕೇ ಎತ್ತಿತು. ಅಜ್ಜಿ ಹಿಂದೆ ಹೊರಟರು. ಅಜ್ಜಿ ಹೋಗುವುದನ್ನು ಕಂಡು ಟೇಬಲ್ಲು ಕಸಿದ ಸಂಸಾರ ಹೊರಟಿತು. ಸಂಸಾರ ಹೋಗುವುದನ್ನು ಕಂಡು ಹೊಸ ಜೋಡಿಯೊಂದು, ಜೋಡಿಯನ್ನು ಕಂಡು ಇನ್ಯಾರೋ. ಮೆಟ್ಟಿಲ ಬುಡದಲ್ಲಿ ಮ್ಯಾನೇಜರ್ರು ತಿರುಗಿ ನೋಡಿದರೆ ಕೆಂಪು ಕೊಡೆಯ ಹಿಂದೆ ಉದ್ದನೆಯ ಬಾಲ ಬೆಳೆದಿತ್ತು. ಬೇಡ ಬೇಡವೆಂದರೂ ಕಣ್ಣು ಎಣಿಸಿಬಿಟ್ಟಿತು. ಹತ್ತೊಂಬತ್ತು.

“ನೀವೆಲ್ಲ ಯಾರು?”

“ನಿಮ್ಮೋರೇ ಸಾರ್” ಎಂದರು ಮುಂದೆ ನಿಂತಿದ್ದ ನಿವೃತ್ತ ಮೇಷ್ಟ್ರು.

“ನಾನು ಗೈಡಲ್ಲ. ನಾನು ಒಂಟಿಯಾಗಿ ಬಂದಿದೀನಿ.”

ಮೇಷ್ಟ್ರು ಕೊಡೆಯ ಮೇಲಿನ ಕಂಪನಿಯ ಹೆಸರನ್ನೂ ಫೋನ್ ನಂಬರನ್ನೂ ಗಟ್ಟಿಯಾಗಿ ಓದಿ, ಉಳಿದವರ ಕಡೆ ತಿರುಗಿ, “ದುಡ್ಡು ಕೊಡ್ತೀರೇನೋ ಅಂತ ಸಂಕೋಚ ಪಡ್ತಿದಾರೆ. ದೊಡ್ಡ ಮನುಷ್ಯರು” ಎಂದು ವಿವರಿಸಿದರು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು.

ಮೆಟ್ಟಿಲ ಪಕ್ಕದಲ್ಲೇ ಟೀ ಅಂಗಡಿ. ಅಂಗಡಿಯವನು ಹಳೇ ಪರಿಚಯ. “ಏನ್ ಸಾರ್, ಬಸ್ಸು ಕಾಣಿಸ್ತಿಲ್ಲ. ಎಷ್ಟು ಟೀ?”

“ಒಂದು.”

“ಒಂದು ಟ್ರೇನಾ?”

“ಒಂದು ಟೀ ಕಣಯ್ಯಾ!”

ಅಂಗಡಿಯವನು ಅವರ ಬೆನ್ನ ಹಿಂದೆ ಇಣುಕಿ ನೋಡಿ ನಕ್ಕ. “ಇಪ್ಪತ್ತು ಅನ್ನಿ ಮತ್ತೆ” ಎಂದು ಹಾಲಿನ ಕ್ಯಾನಿಗೆ ಕೈ ಹಾಕಿದ.

ಮ್ಯಾನೇಜರ್ರು ತಪ್ಪಿಸಿಕೊಳ್ಳಲು ನೋಡಲಿಲ್ಲ ಎಂದಲ್ಲ. ಅರ್ಧ ಗುಡ್ಡದಲ್ಲಿರುವ ಶೌಚಾಲಯಕ್ಕೆ ಹೊಕ್ಕು, ಚಿಲಕ ಹಾಕಿಕೊಂಡು, ಇಪ್ಪತ್ತು ನಿಮಿಷ ಉಸಿರು ಬಿಗಿಹಿಡಿದು ನಿಂತರು. ಹಿಡಿಯಲು ಬೇರೆ ಕಾರಣವೂ ಇತ್ತು. ಬಾಗಿಲು ತೆರೆದರೆ ಹತ್ತೊಂಬತ್ತೂ ಜನ ಅರ್ಧಚಂದ್ರಾಕಾರವಾಗಿ ಕಾಯುತ್ತಿದ್ದರು. “ಹೊಟ್ಟೆ ಸರಿಯಿಲ್ವಾ?” ಎಂದು ಮೂವರು ಮೂರು ಬಗೆಯ ಮಾತ್ರೆ ಮುಂದೆ ಹಿಡಿದರು. ಆ ಕಕ್ಕುಲಾತಿಗೆ ಸಿಟ್ಟು ಮಾಡುವುದು ಹೇಗೆ? ಒಂದು ಮಾತ್ರೆ ನುಂಗಿ, ಕೊಡೆ ಎತ್ತಿ, ನಡೆದರು. ದಾರಿಯುದ್ದಕ್ಕೂ ದೀಪಸ್ತಂಭ ಕಟ್ಟಿದ್ದು ಯಾವಾಗ, ಎತ್ತರವೆಷ್ಟು ಎಂದು ಹೇಳುತ್ತಲೂ ಹೋದರು.

ನೆತ್ತಿ ಮುಟ್ಟಿದಾಗ ಐದು ಗಂಟೆ. ಕಲ್ಲುಬೆಂಚಿನ ಮೇಲೆ ಒಮ್ಮೆಗೇ ಏಳು ಜನ ಕೂತರು. ಮ್ಯಾನೇಜರ್ರಿಗೆ ಮಾತು ತಾನಾಗಿಯೇ ಬಂತು: “ಇಲ್ಲಿನ ಸೂರ್ಯಾಸ್ತ ನೋಡೋಕೆ ಎರಡು ಕಣ್ಣು ಸಾಲದು. ಕರಗಿದ ಚಿನ್ನ!”

“ಹೌದಾ? ನೀನು ಎಷ್ಟು ಸಲ ನೋಡಿದೀಯಪ್ಪಾ?” ಎಂದು ಕೇಳಿದರು ಅಜ್ಜಿ.

ಈ ಪ್ರಶ್ನೆಗೆ ದಿನವೂ “ಲೆಕ್ಕವೇ ಇಟ್ಟಿಲ್ಲ” ಅನ್ನುತ್ತಿದ್ದವರು ಇವತ್ತು ಯಾಕೋ ಸುಳ್ಳು ಹೇಳಲಾರದೆ ನಿಂತರು. “ಒಂದ್ಸಲಾನೂ ಇಲ್ಲ ಅಜ್ಜಿ. ಹನ್ನೊಂದು ವರ್ಷದಿಂದ ಬರ್ತಿದೀನಿ. ಅದನ್ನ ನೋಡೋಕೇ ಇವತ್ತು ಒಬ್ನೇ ಬಂದೆ.”

ಅಜ್ಜಿ ಎದ್ದು ನಿಂತು ಸೆರಗು ಬಿಗಿದರು. “ಏಳ್ರೀ ಎಲ್ಲಾ. ಪಾಪ, ಅವನ ಪಾಡಿಗೆ ಅವನು ಕೂತು ನೋಡ್ಲಿ. ಕೆಳಗೆ ಬಸ್ ಸ್ಟಾಪಿಂದಲೂ ಕಡಲು ಕಾಣುತ್ತೆ, ನಾವಲ್ಲೇ ನೋಡೋಣ. ಕೊನೇ ಬಸ್ಸಿನ ಸೀಟೂ ಹಿಡಿದ ಹಾಗಾಯ್ತು.”

ಮ್ಯಾನೇಜರ್ರು ಅಜ್ಜಿಗೆ ಕೈ ಮುಗಿದರು. ಆದರೂ ಜವಾಬ್ದಾರಿ ಜವಾಬ್ದಾರಿಯೇ. ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಕೆಂಪು ಕೊಡೆಯನ್ನು ಅವರ ಕೈಗಿತ್ತರು. “ನಿಮ್ಮನ್ನೂ ಸೇರಿಸಿ ಹತ್ತೊಂಬತ್ತು ತಲೆ, ಮೇಷ್ಟ್ರೇ. ಎರಡು ಸಲ ಎಣಿಸಿ. ಒಂದು ಕಮ್ಮಿಯಾದ್ರೂ ಬಸ್ಸು ಬಿಡಿಸ್ಬೇಡಿ. ಹತ್ತೊಂಬತ್ತಾದ್ರೆ ಮೈಗೆ ಎರಡೇಟು ತಟ್ಟಿ ರೈಟ್ ಅನ್ನಿ.”

“ಮೂವತ್ನಾಲ್ಕು ವರ್ಷ ಹಾಜರಿ ತಗೊಂಡಿದೀನಿ. ನನಗೆ ಹೇಳ್ಕೊಡ್ತೀರಾ?” ಎಂದರು ಮೇಷ್ಟ್ರು.

ಕೊನೆಗೂ ಬೆಂಚು ಖಾಲಿಯಾಯಿತು. ಕೊನೆಯ ಬಸ್ಸು ಆರೂವರೆಗೆ, ತಾವೂ ಅದಕ್ಕೇ ಇಳಿದು ಹೋದರಾಯಿತು.

ಐದು ಇಪ್ಪತ್ತಕ್ಕೆ ಸರಿಯಾಗಿ ಕಾಲುಗಳು ತಾವಾಗಿ ಎದ್ದು ನಿಂತವು. ಮ್ಯಾನೇಜರ್ರು ಅವನ್ನು ಗದರಿಸಿ ಕೂರಿಸಿದರು. ಐದೂವರೆಯ ತನಕ ಏನೋ ಮರೆತು ಬಂದಂಥ ಕಳವಳ. ಅದು ಮೆಲ್ಲಗೆ ಇಳಿಯಿತು. ಯಾರಿಗೂ ಏನೂ ಹೇಳಬೇಕಾಗಿಲ್ಲ, ಯಾರೂ ಕಳೆದುಹೋಗುವುದಿಲ್ಲ. ಕಡಲಿಗೆ ಸದ್ದಿದೆ ಎಂಬುದು ಅವರಿಗೆ ಆವತ್ತೇ ಗೊತ್ತಾದದ್ದು. ಇಷ್ಟು ದಿನ ಮೈಕಿನ ಸದ್ದೇ ಕೇಳಿದ್ದು. ಮನಸ್ಸು ಒಗೆದು ಹಿಂಡಿ ಹರವಿದ ಬಟ್ಟೆಯಂತೆ ಹಗುರಾಯಿತು.

ಆರು ಹತ್ತಕ್ಕೆ ಸೂರ್ಯ ನೀರಿಗೆ ತಾಗಲು ಬಂದ. ಅದು ಕರಗಿದ ಚಿನ್ನವಾಗಿರಲಿಲ್ಲ. ಕೆಂಪಗೆ, ದುಂಡಗೆ ಇದ್ದವನು ನೀರು ಮುಟ್ಟುವ ಮುಂಚೆ ಬುಡದಲ್ಲಿ ಒಂದು ಚೂರು ಚಪ್ಪಟೆಯಾದ. ಈ ಸಂಗತಿ ಯಾವ ಕರಪತ್ರದಲ್ಲೂ ಇರಲಿಲ್ಲ. ಮ್ಯಾನೇಜರ್ರ ಕಣ್ಣಲ್ಲಿ ನೀರು ಬಂತು.

“ನೋಡಿ, ನೋಡಿ, ಹೇಗೆ ಚಪ್ಪಟೆ ಆಗ್ತಿದಾನೆ!” ಎಂದು ಬಲಕ್ಕೆ ತಿರುಗಿದರು. ಅಲ್ಲಿ ಬರೀ ಕಲ್ಲು. ಎಡಕ್ಕೆ ತಿರುಗಿದರೆ ಚೀಲ, ಎರಡು ಕನ್ನಡಕ.

ಒಬ್ಬರೇ ನೋಡಬೇಕೆಂದು ಬಂದು ಒಬ್ಬರೇ ನೋಡಿದ್ದಾಯಿತು. ಈಗ ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬಿಹೋಗುತ್ತದೆ ಅನ್ನಿಸಿತು. ಮುಂದಿನ ಸಲ ಹೆಂಡತಿಯನ್ನು ಕರೆತರಬೇಕು. ಸದ್ಯಕ್ಕೆ ಕೆಳಗೆ ಅಜ್ಜಿ ಇದ್ದಾರೆ, ಅವರಿಗೇ ಹೇಳೋಣ. ನೂರಾ ಹನ್ನೆರಡು ಮೆಟ್ಟಿಲನ್ನೂ ಶಾಲೆ ಬಿಟ್ಟ ಮಕ್ಕಳಂತೆ ಇಳಿದರು.

ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಮೇಷ್ಟ್ರ ದನಿ ಸ್ಪಷ್ಟವಾಗಿ ಕೇಳಿಸಿತು. “ಹದಿನೇಳು, ಹದಿನೆಂಟು, ಹತ್ತೊಂಬತ್ತು. ಎರಡನೇ ಸಲಾನೂ ಹತ್ತೊಂಬತ್ತೇ.” ಢಬ್ ಢಬ್. “ರೈಟ್!”

ಮ್ಯಾನೇಜರ್ರು ತಮ್ಮನ್ನು ಲೆಕ್ಕಕ್ಕೆ ಸೇರಿಸಿರಲಿಲ್ಲ. ಹೇಳಿಕೊಟ್ಟ ಪಾಠವನ್ನು ಮೇಷ್ಟ್ರು ಅಚ್ಚುಕಟ್ಟಾಗಿ ಒಪ್ಪಿಸಿದ್ದರು. “ನಿಲ್ಸೀ!” ಎಂದು ಎರಡೂ ಕೈ ಬೀಸುತ್ತ ಅವರು ಓಡಿದರು. ಬಸ್ಸಿನ ಕಿಟಕಿಗಳಿಂದ ಹತ್ತೊಂಬತ್ತು ಕೈಗಳು ಹೊರಬಂದು ಅಷ್ಟೇ ಪ್ರೀತಿಯಿಂದ ಬೀಸಿದವು. ಕೆಂಪು ಕೊಡೆಯೂ ಬೀಸಿತು. “ಚೆನ್ನಾಗಿ ನೋಡ್ಕೊಂಡು ಬಾರಪ್ಪಾ!” ಎಂದು ಅಜ್ಜಿ ಕೂಗಿದ್ದು ಧೂಳಿನೊಳಗಿಂದ ಕೇಳಿಸಿತು.

ಏದುಸಿರು ಬಿಡುತ್ತ ನಿಂತಾಗ ಫೋನ್ ಬಡಿದುಕೊಂಡಿತು. ಮಾಲೀಕರು.

“ಏನ್ರೀ, ರಜೆ ದಿನಾನೂ ಕೆಲಸಾನಾ? ಯಾರೋ ಮೇಷ್ಟ್ರು ಬಸ್ ಸ್ಟಾಪಿಂದಲೇ ಕೊಡೆ ಮೇಲಿನ ನಂಬರಿಗೆ ಫೋನ್ ಮಾಡಿ ಹೊಗಳಿದ್ದೇ ಹೊಗಳಿದ್ದು. ಕೊಡೆ ಆಫೀಸಿಗೇ ತಂದ್ಕೊಡ್ತಾರಂತೆ. ಒಂಟಿಯಾಗಿ ಬಂದೋರಿಗೂ ಮನೆಯವರ ಜೊತೆ ಇದ್ದಂಗಿತ್ತಂತೆ. ಹೊಸ ಟೂರೇ ಹಾಕ್ಬಿಟ್ಟೆ. ‘ಒಂಟಿ ಪಯಣ’ ಅಂತ ಹೆಸರು. ಇನ್ಮೇಲೆ ವಾರಾ ವಾರಾ, ನಿಮ್ಮ ರಜೆ ದಿನ. ಹತ್ತೊಂಬತ್ತು ಸೀಟು ಆಗ್ಲೇ ಬುಕ್ಕಾಯ್ತು.”

“ಸಾರ್, ಹಾಗಾದ್ರೆ ಸೂರ್ಯಾಸ್ತದ ತನಕ ನಿಲ್ಲಿಸ್ಬಹುದಾ? ಅವನು ಮುಳುಗೋ ಮುಂಚೆ ಬುಡದಲ್ಲಿ ಚಪ್ಪಟೆ...”

“ಐದು ಇಪ್ಪತ್ತಕ್ಕೆ ಗಾಡಿ ಎತ್ತಬೇಕು ರೀ. ಊಟಕ್ಕೆ ಲೇಟಾಗುತ್ತೆ.” ಫೋನಿಟ್ಟರು.

ಕತ್ತಲು ಇಳಿಯುತ್ತಿತ್ತು. ಟೀ ಅಂಗಡಿಯವನು ಕದ ಎಳೆದು, ಸ್ಕೂಟರಿನ ಎರಡೂ ಪಕ್ಕಕ್ಕೆ ಖಾಲಿ ಹಾಲಿನ ಕ್ಯಾನು ಕಟ್ಟುತ್ತಿದ್ದ. “ಅಯ್ಯೋ, ನಿಮ್ಮನ್ನೇ ಬಿಟ್ಟು ಹೋದ್ರಾ ಸಾರ್? ಬನ್ನಿ, ದೊಡ್ಡ ರಸ್ತೆ ತನಕ ಬಿಡ್ತೀನಿ. ಅಲ್ಲಿ ಬಸ್ಸು ಸಿಗ್ತವೆ” ಎಂದು ಹೆಲ್ಮೆಟ್ ಏರಿಸಿ, ಗಾಡಿ ಶುರು ಮಾಡಿದ. “ಕ್ಯಾನು ಒಂಚೂರು ನೋಡಿ, ಕೂತ್ಕೊಂಡು ಹೇಳಿ.”

ಮ್ಯಾನೇಜರ್ರಿಗೆ ಹೋದ ಜೀವ ಬಂದಂತಾಯಿತು. ಗಾಡಿಯ ಹಿಂದೆ ನಿಂತು ಶ್ರದ್ಧೆಯಿಂದ ನೋಡಿದರು. ಈ ಕಡೆ ಒಂದು ಕ್ಯಾನು. ಆ ಕಡೆ ಒಂದು ಕ್ಯಾನು. ಮುಂದೆ ಸಕ್ಕರೆ ಡಬ್ಬ. ಅದರ ಹಿಂದೆ ಅಂಗಡಿಯವನು. ಎಲ್ಲ ನಾಲ್ಕು. ಕೈ ತಾನಾಗಿಯೇ ಮುಂದೆ ಹೋಗಿ ಗಾಡಿಯ ಹಿಂಬದಿಗೆ ಎರಡೇಟು ತಟ್ಟಿತು.

“ರೈಟ್!”

ಸ್ಕೂಟರು ಭರ್ರನೆ ಹೊರಟಿತು. ಹೆಲ್ಮೆಟ್ಟಿನೊಳಗಿನ ಕಿವಿಗೆ ಆಮೇಲಿನ ಕೂಗು ಯಾವುದೂ ಕೇಳಿಸಲಿಲ್ಲ. ಹಿಂದಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವ ತನಕ ಮ್ಯಾನೇಜರ್ರು ರಸ್ತೆಯ ಮಧ್ಯೆ ಚೀಲ ಹಿಡಿದು ನಿಂತೇ ಇದ್ದರು. ಲೆಕ್ಕವೇನೋ ಸರಿಯಾಗಿಯೇ ಇತ್ತು.