ಕಣ್ಣಿಗೆ ಕಾಣಬಾರದ ಕೆಲಸ

ತಾವು ಮಾಡುವ ಕೆಲಸವನ್ನು ಮನೆಯವರಿಗೆ ಒಂದೇ ಮಾತಿನಲ್ಲಿ ಹೇಳಬಲ್ಲವರು ಪುಣ್ಯವಂತರು. ಮಾಸ್ತರರು, ಕಂಡಕ್ಟರರು, ದರ್ಜಿಗಳು ಆ ಪೈಕಿ. ನಾನಲ್ಲ. ನಾನು ಸೋಲಾರ್ ಸೆಲ್‌ಗಳ ಲ್ಯಾಬಿನಲ್ಲಿ ಸಂಶೋಧನೆ ಮಾಡುವವಳು. ಸಿಲಿಕಾನ್ ಸೆಲ್ಲಿನ ಮೇಲೆ ಪೆರೋವ್‌ಸ್ಕೈಟ್ ಎಂಬ ವಸ್ತುವಿನ ಇನ್ನೊಂದು ಸೆಲ್ ಕೂರಿಸಿದರೆ ಅದೇ ಬಿಸಿಲಿಗೆ ಹೆಚ್ಚು ಕರೆಂಟು ಸಿಗುತ್ತದೆ. ಅದನ್ನು ಹೊರಗೆ ತರಲು ಎಲ್ಲಕ್ಕೂ ಮೇಲೆ ಒಂದು ಪದರು ಬೇಕು. ಅದು ತಂತಿಯಂತೆ ಕರೆಂಟು ಒಯ್ಯಬೇಕು, ಗಾಜಿನಂತೆ ಬಿಸಿಲನ್ನು ಒಳಗೂ ಬಿಡಬೇಕು. ಆ ಪದರು ನನ್ನ ಪಾಲಿನದು. ರಂಗಂಪೇಟೆಯ ಮನೆಯಲ್ಲಿ ಇಷ್ಟನ್ನೂ ವಿವರಿಸಿದಾಗ ಅವ್ವ ಕೇಳಿದ್ದು ಒಂದೇ: "ಕಾಣದಂಥಾದ್ದು ಮಾಡಾಕ ಇಷ್ಟು ವರ್ಷ ಬೇಕೇನ?"

ಅಪ್ಪನಿಗೆ ಮಾತ್ರ ಅರ್ಥವಾಯಿತು. ಅವನದು ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ಜೀವಮಾನವೆಲ್ಲ ಗಾಜು ಕೊಯ್ದವನು. "ಒರಸಿದ ಮ್ಯಾಲ ಗಾಜು ಐತೋ ಇಲ್ಲೋ ಅನಬೇಕು, ಅಂಥಾದ್ದು ಮಾಡಾಕತ್ತಾಳ ನಮ್ಮಕಿ," ಎಂದು ಅವ್ವನಿಗೆ ತಿಳಿಹೇಳಿದ. ನನ್ನ ಗೈಡ್‌ಗೂ ಇಷ್ಟು ಚೆಂದ ಹೇಳಲು ಬಂದಿಲ್ಲ. ಅಂದಿನಿಂದ ಫೋನು ಮಾಡಿದಾಗೆಲ್ಲ ಅವನದು ಮೊದಲ ಮಾತು, "ಪದರು ಕುಂತಿತೇನವ್ವಾ?"

ಅದು ಕೂರುತ್ತಿರಲಿಲ್ಲ. ಪೆರೋವ್‌ಸ್ಕೈಟ್ ಬಲು ನಾಜೂಕು. ಮೇಲಿನ ಪದರು ಹಾಕುವ ಯಂತ್ರದಲ್ಲಿ ರಭಸದಿಂದ ಬಂದು ಬೀಳುವ ಕಣಗಳ ಏಟಿಗೇ ಕೆಡುತ್ತಿತ್ತು. ಕೆಟ್ಟ ಸೆಲ್ಲುಗಳ ಡಬ್ಬಿಗೆ ಲ್ಯಾಬಿನವರು ನನ್ನ ಹೆಸರನ್ನೇ ಬರೆದು ಅಂಟಿಸಿದ್ದರು.

ಅಂಥದೇ ಒಂದು ಸೆಲ್ ಕೆಟ್ಟ ಮಧ್ಯಾಹ್ನ, ಕಿಡ್ನಿ ಸೋತ ಅಪ್ಪನನ್ನು ಯಾದಗಿರಿಯ ದವಾಖಾನೆಗೆ ಸೇರಿಸಿದ ಸುದ್ದಿ ಬಂತು. ಓಡಿಹೋದೆ. ಮುಖ ಬಾತುಕೊಂಡಿತ್ತು. ಅವ್ವ ಚಹಾ ತರಲು ಹೊರಗೆ ಹೋದಾಗ ನನ್ನ ಕೈ ಹಿಡಿದು ಕೇಳಿದ: "ಕುಂತಿತೇನ?"

"ಕುಂತೈತಪ್ಪಾ. ಕರೆಂಟ್ ಚಲೋ ಬರಾಕತ್ತೈತಿ."

"ಬಿಸಿಲು ಎಲ್ಲಾ ಒಳಗ ಹೋಗ್ತೈತಿ?"

"ಎಲ್ಲಾ ಅಲ್ಲ. ಭಾಳಷ್ಟು."

ಸುಳ್ಳು ಹೇಳುವಾಗಲೂ ನನಗೆ ನಿಖರತೆಯ ಚಟ. ಸಲಾಯಿನ್ ನೋಡಲು ಬಂದ ನರ್ಸಿಗೆ ಅಪ್ಪ, "ನನ್ನ ಮಗಳು ಗೆದ್ದಾಳ್ರಿ," ಎಂದ. ಮೂರನೆಯ ದಿನ ತೀರಿಕೊಂಡ.

ಏಳು ತಿಂಗಳ ನಂತರ, ನಡುವೆ ತವರದ ಆಕ್ಸೈಡಿನ ತೆಳ್ಳನೆಯ ಇನ್ನೊಂದು ಪದರು ಹಾಸಿ ನೋಡಿದೆವು. ಈ ಸಲ ಮೇಲಿನದು ಕೆಳಗಿನದನ್ನು ಕೆಡಿಸದೆ ಕುಳಿತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಅತ್ತೆ. ಸಂತೋಷಕ್ಕೆಂದು ತಿಳಿದು ಒಬ್ಬರು ಫೋಟೊ ಬೇರೆ ತೆಗೆದರು. ಹೊರಗೆ ಬಂದು ಅವ್ವನಿಗೆ ಫೋನು ಮಾಡಿದೆ.

"ಅವ್ವಾ, ಪದರು ಕುಂತಿತು."

"ಅದು ಆವಾಗೇ ಕುಂತಿತ್ತಲ್ಲ? ನಿಮ್ಮಪ್ಪ ದವಾಖಾನ್ಯಾಗ ಎಲ್ಲಾರಿಗೂ ಹೇಳಿದ್ದ. ಅದೊಂದು ಕೇಳಿ ಹೋದ್ನಲ್ಲ ಅಂತ ನಾ ಸಮಾಧಾನ ಮಾಡ್ಕೊಂಡೀನಿ."

"ಹೌದವ್ವಾ," ಎಂದೆ. "ಈಗ ಇನ್ನೊಮ್ಮೆ ಕುಂತಿತು."

"ಚಲೋ ಆತು ಬಿಡು. ಉಂಡಿಯೇನ?"

ಉಂಡಿರಲಿಲ್ಲ. ಉಂಡೆ ಎಂದೆ. ಒಮ್ಮೆ ರೂಢಿಯಾದ ಮೇಲೆ ನಾಲಿಗೆ ಎಷ್ಟು ಸಲೀಸಾಗಿ ಹೊರಳುತ್ತದೆಂದು ನನಗೇ ನಾಚಿಕೆಯಾಯಿತು.